ಬೆಳಗಿನ ಜಾವದ ಕಾಲುಚೀಲ

ಗಂಟೆ ನಾಲ್ಕೂವರೆ ಇರಬೇಕು. ನಡುಮನೆಯಿಂದ ಬಂದ ಕೂಗಿಗೆ ಎಚ್ಚರವಾಯಿತು. ಹಸಿವಾದಾಗಿನ ಮಿಯಾವ್ ಅಲ್ಲ, ಬಾಗಿಲು ತೆಗೆ ಅನ್ನುವ ಮಿಯಾವ್ ಕೂಡ ಅಲ್ಲ. ಗಂಟಲಿನ ಆಳದಿಂದ ಎಳೆದೆಳೆದು ಬರುತ್ತಿದ್ದ, ಬಾಯಿ ತುಂಬಿಕೊಂಡೇ ಅತ್ತಂತಿದ್ದ ದನಿ. ಎದೆ ಧಸಕ್ಕೆಂದಿತು. ದೀಪ ಹಾಕಿ ನೋಡಿದರೆ ಚುಕ್ಕಿ ಕೋಣೆಯ ಹೊಸಿಲ ಬಳಿ ನಿಂತಿದ್ದಳು. ಬಾಯಲ್ಲಿ ನನ್ನದೇ ಹಳೆಯ ಬೂದು ಬಣ್ಣದ ಕಾಲುಚೀಲ. ಅದರ ಒಂದು ತುದಿ ನೆಲಕ್ಕೆ ತಾಗಿ ಎಳೆಯುತ್ತಿತ್ತು. ನನ್ನನ್ನು ಕಂಡ ಕೂಡಲೇ ಕೂಗು ನಿಲ್ಲಿಸಿದಳು, ಕಾಲುಚೀಲವನ್ನು ಕೆಳಗಿಟ್ಟಳು, ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ನಾನು ಬಗ್ಗಿ ಮೈ ಮುಟ್ಟುವಷ್ಟರಲ್ಲಿ ಮತ್ತೆ ಅದನ್ನು ಕಚ್ಚಿಕೊಂಡು ಅಡುಗೆಮನೆಗೆ ಹೋಗಿ, ತನ್ನ ನೀರಿನ ಬಟ್ಟಲಿಗೆ ಹಾಕಿ ಬಂದಳು.

"ಏನೇ ಅದು ಹಾಗೆ ಕೂಗ್ಕೊಳ್ತಾ ಇದೆ? ಹೊಟ್ಟೆನೋವೇನೋ ನೋಡೇ" ಎಂದು ಅಮ್ಮ ಒಳಗಿನಿಂದಲೇ ಕೇಳಿದರು. ನನಗೂ ಅದೇ ಭಯ. ಆ ವಾರದಲ್ಲಿ ಅದು ನಾಲ್ಕನೆಯ ರಾತ್ರಿ. ಹಗಲಿನಲ್ಲಿ ಬೇರೆ ಉಪದ್ರವಗಳಿದ್ದವು. ಕುರ್ಚಿಯ ಕೆಳಗೆ ಅವಿತು ನನ್ನ ಹಿಮ್ಮಡಿಗೆ ಹಾರುವುದು, ಮೇಜಿನ ಮೇಲಿನ ಪೆನ್ನನ್ನು ಪಂಜದಿಂದ ಇಷ್ಟಿಷ್ಟೇ ಸರಿಸಿ ಕೆಳಗೆ ಬೀಳಿಸುವುದು, ಸಂಜೆಯಾಗುತ್ತಿದ್ದಂತೆ ಕಾರಣವಿಲ್ಲದೆ ಈ ಕೋಣೆಯಿಂದ ಆ ಕೋಣೆಗೆ ದೆವ್ವ ಬೆನ್ನಟ್ಟಿದಂತೆ ಓಡುವುದು. ಎರಡು ವರ್ಷದ ಬೆಕ್ಕು, ಇನ್ನೂ ಮರಿಬುದ್ಧಿ ಹೋಗಿಲ್ಲ ಎಂದು ಸುಮ್ಮನಿದ್ದೆ. ಆದರೆ ಆ ಕೂಗು ಬೇರೆಯೇ ಆಗಿತ್ತು.

ಮರುದಿನವೇ ಪಶುವೈದ್ಯರ ಬಳಿ ಕರೆದುಕೊಂಡು ಹೋದೆ. ಹೊಟ್ಟೆ ಒತ್ತಿ ನೋಡಿದರು, ಹಲ್ಲು ನೋಡಿದರು, ಜ್ವರ ನೋಡಿದರು. ಎಲ್ಲ ಸರಿಯಾಗಿತ್ತು. ಆಮೇಲೆ, "ದಿನಾ ಆಡಿಸ್ತೀರಾ?" ಅಂದರು. ಆಡಿಸ್ತೀನಿ ಸರ್, ಅಂದೆ. ಸಂಜೆ ಕೆಲಸ ಮುಗಿದ ಮೇಲೆ ಲೇಸರ್ ದೀಪ ಹಿಡಿದು ಗೋಡೆಯ ಮೇಲೆಲ್ಲ ಚುಕ್ಕೆ ಓಡಿಸುತ್ತೇನೆ, ಸುಸ್ತಾಗುವಷ್ಟು ಓಡುತ್ತಾಳೆ ಎಂದು ವಿವರಿಸಿದೆ.

"ಓಡಿ ಓಡಿ ಕೊನೆಗೆ ಅದಕ್ಕೆ ಏನು ಸಿಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದಾರಿಯುದ್ದಕ್ಕೂ ಆ ಪ್ರಶ್ನೆಯೇ ತಲೆಯಲ್ಲಿತ್ತು. ದೀಪ ಆರಿಸಿದ ಮೇಲೆ ಚುಕ್ಕಿ ಗೋಡೆಯ ಬುಡದಲ್ಲಿ ಕೂತು ಖಾಲಿ ಗೋಡೆಯನ್ನೇ ದಿಟ್ಟಿಸುತ್ತಿದ್ದದ್ದು ನೆನಪಾಯಿತು. ಕೆಲವೊಮ್ಮೆ ಹತ್ತು ನಿಮಿಷ. ಅದನ್ನು ಮುದ್ದು ಎಂದುಕೊಂಡು ಫೋಟೋ ತೆಗೆದಿದ್ದೆ. ಹಿಡಿಯಲು ಹೋದದ್ದು ಪಂಜದ ಕೆಳಗೆ ಸಿಗದೆ ಮಾಯವಾದರೆ ಆ ಜೀವಕ್ಕೆ ಹೇಗಾಗಿರಬೇಡ! ಬೆಕ್ಕು ಸಾಕಿದವರನ್ನು ವಿಚಾರಿಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. ಲೇಸರ್ ಹೆಚ್ಚು ಬಳಸುವ ಮನೆಗಳ ಬೆಕ್ಕುಗಳಲ್ಲಿ ಬೆಳಕನ್ನೂ ನೆರಳನ್ನೂ ಬಿಡದೆ ಬೆನ್ನಟ್ಟುವಂಥ ವರ್ತನೆಗಳು ಹೆಚ್ಚು ಕಂಡುಬಂದಿದ್ದವು. ಓದಿ ಮುಗಿಸಿ ಆ ದೀಪವನ್ನು ಡ್ರಾಯರಿನೊಳಗೆ ಹಾಕಿದವಳು ಮತ್ತೆ ತೆಗೆದಿಲ್ಲ.

ಮುಂದಿನ ರಜೆಯ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಅವಳ ಜೊತೆಗೇ ಕಳೆದೆ. ಎರಡು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವಳನ್ನು ನೆಟ್ಟಗೆ ನೋಡಿದ್ದು ಅಂದೇ.

ಉದ್ದನೆಯ ಕೋಲಿನ ತುದಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿದೆ. ಮೊದಲು ಅವಳ ಮೂಗಿನ ಮುಂದೆಯೇ ಕುಣಿಸಿದೆ. ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು, ಎದ್ದು ಹೋದಳು. ನಾನು ಯಾವಾಗಲೂ ಮಾಡುತ್ತಿದ್ದ ತಪ್ಪು ಇದು. ಯಾವ ಇಲಿಯೂ ತಾನಾಗಿ ಬೆಕ್ಕಿನ ಮುಖಕ್ಕೆ ಬಂದು ಕುಣಿಯುವುದಿಲ್ಲ. ಅಲ್ಲದೆ ಬೆಕ್ಕಿಗೆ ತೀರ ಹತ್ತಿರದ್ದು, ಸುಮಾರು 25 ಸೆಂಟಿಮೀಟರಿಗಿಂತ ಈಚಿನದ್ದು, ಸ್ಪಷ್ಟವಾಗಿ ಕಾಣುವುದೂ ಇಲ್ಲ. ಬಟ್ಟೆಯನ್ನು ದೂರಕ್ಕೆ ಒಯ್ದು ಕುರ್ಚಿಯ ಕಾಲಿನ ಹಿಂದೆ ಮೆಲ್ಲಗೆ ಎಳೆದೆ. ನಿಲ್ಲಿಸಿದೆ. ಮತ್ತೆ ಒಂದಿಷ್ಟು ಎಳೆದು ಚಾಪೆಯ ಅಂಚಿನ ಕೆಳಗೆ ಮರೆ ಮಾಡಿದೆ. ಸರಸರ ಸದ್ದಾಯಿತು.

ಅಷ್ಟೇ ಸಾಕಾಯಿತು. ಎರಡೂ ಕಿವಿಗಳು ಒಟ್ಟಿಗೆ ಮುಂದಕ್ಕೆ ತಿರುಗಿದವು. ನಮ್ಮ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ಸೋತುಬಿಡುತ್ತದೆ, ಬೆಕ್ಕಿನ ಕಿವಿ ಅದರ ಮೂರು ಪಟ್ಟಿಗಿಂತ ಎತ್ತರದ ದನಿಯನ್ನೂ ಹಿಡಿಯುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ, ನಮಗೆ ಕೇಳಿಸದ ಕಿರುದನಿಯೂ ಅದಕ್ಕೆ ಕೇಳಿಸುತ್ತದೆ. ಚಾಪೆಯ ಕೆಳಗಿನ ಆ ಸರಸರ ಅವಳಿಗೆ ಎಷ್ಟು ದೊಡ್ಡ ಸುದ್ದಿಯಾಗಿತ್ತೋ! ಹೊಟ್ಟೆ ನೆಲಕ್ಕೆ ತಾಗುವಂತೆ ಕುಗ್ಗಿದಳು. ಹಳದಿ ಕಣ್ಣಿನ ನಡುವಿನ ಕಪ್ಪು ಗೀರು ಹಿಗ್ಗುತ್ತಾ ಹಿಗ್ಗುತ್ತಾ ಕಣ್ಣನ್ನೆಲ್ಲ ತುಂಬಿತು. ಒಂದು ಕಾಲು ಎತ್ತಿದಳು, ಗಾಳಿಯಲ್ಲೇ ತಡೆದಳು, ಇಟ್ಟಳು. ಬಾಲದ ತುದಿ ಮಾತ್ರ ಅತ್ತಿತ್ತ. ಆಮೇಲೆ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ನಾಲ್ಕೈದು ಸಲ ಅಲ್ಲಾಡಿಸಿ ಹಿಂಗಾಲುಗಳನ್ನು ನೆಲಕ್ಕೆ ಊರಿಕೊಂಡಳು. ಹಾರಿದಳು.

ಬಟ್ಟೆಯ ಮೇಲೆ ಬಿದ್ದ ಆ ಕ್ಷಣವನ್ನು ನೆಲಕ್ಕೆ ಗಲ್ಲ ಹಚ್ಚಿ ಮಲಗಿ ನೋಡಿದೆ. ಎರಡೂ ಕಡೆಯ ಮೀಸೆಗಳು ಮುಂದಕ್ಕೆ ಬಾಗಿ ಬಟ್ಟೆಯನ್ನು ಸುತ್ತುವರಿದಿದ್ದವು, ಬುಟ್ಟಿಯಂತೆ. ಕಣ್ಣಿಗೆ ಕಾಣದಷ್ಟು ಹತ್ತಿರ ಬಂದದ್ದನ್ನು ಮೀಸೆ ನೋಡಿಕೊಳ್ಳುತ್ತದೆ. ಎಲ್ಲಿ ಕಚ್ಚಬೇಕೆಂದು ಹೇಳುವುದು ಆಗ ಅದೇ. ಮುಂಗಾಲಿನಲ್ಲಿ ಬಟ್ಟೆಯನ್ನು ತಬ್ಬಿ, ಮಗ್ಗುಲಿಗೆ ಉರುಳಿ, ಹಿಂಗಾಲುಗಳೆರಡರಿಂದ ಪಟಪಟನೆ ಒದ್ದಳು. ನನ್ನ ಮುಂಗೈಯ ಗೀರುಗಳಿಗೆ ಕಾರಣವಾದ ಒದೆತ ಇದೇ. ಬೆಕ್ಕುಗಳು ಜಗಳವಾಡುವಾಗ, ಒದ್ದಾಡುವ ಬೇಟೆಯನ್ನು ಹಿಡಿದಾಗ ಹೀಗೆಯೇ ಒದೆಯುತ್ತವೆ.

ಆ ಗೀರುಗಳ ವಿಷಯದಲ್ಲಿ ಅವಳ ತಪ್ಪಿಲ್ಲ. ಚುಕ್ಕಿ ನಮ್ಮ ಮನೆಗೆ ಒಂಟಿಯಾಗಿ ಬಂದ ಮರಿ, ಆಗ ಅವಳಿಗೆ ಐದು ವಾರವೂ ತುಂಬಿರಲಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಆಡಲು ಶುರುಮಾಡುವುದೇ ನಾಲ್ಕನೆಯ ವಾರದ ಹೊತ್ತಿಗೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಒಡಹುಟ್ಟಿದವು ಚೀರಿ, ತಿರುಗಿ ಕಚ್ಚಿ, ಆಟ ಬಿಟ್ಟು ಎದ್ದು ಹೋಗಿ ಕಲಿಸುತ್ತವೆ. ಅವಳಿಗೆ ಆ ಪಾಠ ಸಿಗಲಿಲ್ಲ. ಬದಲಿಗೆ ನಾನು ಬೆರಳು ಆಡಿಸಿ ಆಡಿಸಿ, ಕೈ ಅಂದರೆ ಬೇಟೆ ಎಂದು ಕಲಿಸಿದೆ. ಬೆಳೆದ ಮೇಲೆ ಅದೇ ಕೈಗೆ ಬಾಯಿ ಹಾಕಿದಾಗ ಗದರಿಸಿದೆ. ಅದು ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ಮೂರೇ ನಿಮಿಷ. ಬಟ್ಟೆಯನ್ನು ಬಿಟ್ಟು ಪಕ್ಕದಲ್ಲಿ ಕೂತು ಪಂಜ ನೆಕ್ಕತೊಡಗಿದಳು. ಮೊದಲಾಗಿದ್ದರೆ ಸೋಮಾರಿ ಎನ್ನುತ್ತಿದ್ದೆ. ಬೆಕ್ಕುಗಳ ವರ್ತನೆಯನ್ನು ಅಧ್ಯಯನ ಮಾಡುವ ಜಾನ್ ಬ್ರಾಡ್‌ಶಾ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದ್ದರಿಂದ ಕಾದೆ. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಉತ್ಸಾಹ ಇಳಿದುಹೋಗುತ್ತದೆ, ಸ್ವಲ್ಪವೇ ಬೇರೆಯಾಗಿ ಕಾಣುವ ಇನ್ನೊಂದನ್ನು ಕೊಟ್ಟ ಕೂಡಲೇ ಮತ್ತೆ ಏರುತ್ತದೆ ಎಂದು ಅವರು ಕಂಡಿದ್ದರು. ದಣಿಯುವುದು ಮೈಯಲ್ಲ, ಆ ವಸ್ತುವಿನ ಮೇಲಿನ ಆಸೆ. ಕಚ್ಚಿದರೂ ಒದ್ದರೂ ಹರಿಯದ, ಬದಲಾಗದ ಬೇಟೆ ಯಾವ ಬೇಟೆ? ಐದು ನಿಮಿಷ ಬಿಟ್ಟು ಕೆಂಪು ಬಟ್ಟೆ ಬಿಚ್ಚಿ ಬಿಳಿ ಉಣ್ಣೆಯ ಚೂರು ಕಟ್ಟಿದೆ. ಪಂಜ ನೆಕ್ಕುತ್ತಿದ್ದ ನಾಲಿಗೆ ಅರ್ಧ ಹೊರಗಿರುವಾಗಲೇ ಅವಳ ತಲೆ ಇತ್ತ ತಿರುಗಿತು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಆಟ ಮುಗಿದ ಮೇಲೆ ಕೋಲು, ದಾರ ಎರಡನ್ನೂ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಕಷ್ಟ, ನುಂಗುವುದು ಸುಲಭ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಲಾಡಿ ಎಳೆದ ಚೀಲದ ಬಾಯಿಯಂತೆ ಕರುಳು ನೆರಿಗೆಗಟ್ಟುತ್ತದೆ, ದಾರ ಅದನ್ನು ಕೊಯ್ಯಲೂಬಹುದು. ಬಾಯಿಯಲ್ಲಾಗಲಿ ಹಿಂದೆಯಾಗಲಿ ದಾರದ ತುದಿ ಕಂಡರೆ ಎಳೆಯಬೇಡಿ, ಹಾಗೆಯೇ ವೈದ್ಯರ ಬಳಿ ಒಯ್ಯಿರಿ. ಸೂಜಿದಾರ, ರಬ್ಬರ್ ಬ್ಯಾಂಡ್, ಉಡುಗೊರೆಗೆ ಕಟ್ಟುವ ರಿಬ್ಬನ್, ಎಲ್ಲಕ್ಕೂ ಇದೇ ಮಾತು.

ಮಧ್ಯಾಹ್ನವೆಲ್ಲ ನಿದ್ದೆ. ಎದ್ದವಳು ಕಿಟಕಿಯಲ್ಲಿ ಕೂತು ಹೊರಗಿನ ಗುಬ್ಬಚ್ಚಿಯನ್ನು ನೋಡುತ್ತಾ ದವಡೆ ಅದುರಿಸಿ 'ಕಟಕಟಕಟ' ಎಂದಳು. ಕಾಣುತ್ತದೆ, ಕೈಗೆಟುಕುವುದಿಲ್ಲ. ಆ ಹೊತ್ತಿಗೆ ಬರುವ ದನಿ ಅದು. ನಾನು ಹತ್ತಿರ ಹೋಗಿ ಕೂತೆ. ತಿರುಗಿಯೂ ನೋಡಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಗೋಡೆಯಿಂದ ಒಂದು ಹಲ್ಲಿ ಜಾರಿ ಬಿತ್ತು. ನಾನು ಏಳುವುದರೊಳಗೆ ಚುಕ್ಕಿ ಅದರ ಮುಂದಿದ್ದಳು. ಪಂಜದಿಂದ ತಟ್ಟಿದಳು, ಹಿಂದಕ್ಕೆ ಸರಿದಳು. ಮತ್ತೆ ತಟ್ಟಿದಳು, ಮತ್ತೆ ಸರಿದಳು. ಅಮ್ಮ ನೋಡಲಾರದೆ ಮುಖ ತಿರುಗಿಸಿದರು. "ಸುಮ್ಮನೆ ಹೇಳ್ತಾರಾ, ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ."

ಗಾದೆಯ ಎರಡನೆಯ ಅರ್ಧ ನೂರಕ್ಕೆ ನೂರು ನಿಜ. ಮೊದಲನೆಯ ಅರ್ಧದ ಬಗ್ಗೆ ಅಂದು ನನಗೆ ಅನುಮಾನ ಬಂತು. ಚುಕ್ಕಿಯ ಮೈ ಹಿಂದಕ್ಕೆ ವಾಲಿತ್ತು, ಕಿವಿಗಳು ಪಕ್ಕಕ್ಕೆ ಮಡಚಿದ್ದವು, ಪ್ರತಿ ಏಟಿನ ನಂತರ ಮುಖವನ್ನು ದೂರ ಇಟ್ಟುಕೊಳ್ಳುತ್ತಿದ್ದಳು. ಬೇಟೆ ತಿರುಗಿ ಕಚ್ಚಿದರೆ ಗಾಯವಾಗುವುದು ಮುಖಕ್ಕೇ, ಕಣ್ಣಿಗೇ. ಅದಕ್ಕೇ ದೂರದಿಂದ ತಟ್ಟಿ ತಟ್ಟಿ ಸುಸ್ತು ಮಾಡುವುದು. ಈ 'ಆಟ'ವನ್ನು 1979ರಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಬೆಕ್ಕು ತುಂಬ ಹಸಿದಿದ್ದರೆ, ಬೇಟೆ ಚಿಕ್ಕದಾಗಿದ್ದರೆ ಬೇಗ ಕೊಲ್ಲುತ್ತದೆ. ಹಸಿವು ಕಡಿಮೆಯಿದ್ದಷ್ಟೂ, ಬೇಟೆ ದೊಡ್ಡದಾದಷ್ಟೂ ಕೊಲ್ಲುವುದು ಕಡಿಮೆಯಾಗುತ್ತದೆ, ಕೊಲ್ಲಲು ಹಿಂಜರಿದಾಗ ಈ ತಟ್ಟಾಟ ಕಾಣುತ್ತದೆ. ಹಿಡಿಯಬೇಕೆಂಬ ಆಸೆಗೂ ಹತ್ತಿರ ಹೋಗಲು ಅಂಜಿಕೆಗೂ ನಡುವೆ ಸಿಕ್ಕಿಕೊಂಡ ಪ್ರಾಣಿಯನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಅದರಲ್ಲಿ ಕ್ರೌರ್ಯ ಕಾಣಲಿಲ್ಲ.

ಹಲ್ಲಿ ಬಾಲ ಕಳಚಿತು. ಕಳಚಿದ ಬಾಲ ನೆಲದ ಮೇಲೆ ಎದ್ದೆದ್ದು ಹೊರಳಿತು, ಚುಕ್ಕಿ ಅದರ ಮೇಲೆ ಬಿದ್ದಳು. ಅಷ್ಟರಲ್ಲಿ ಹಲ್ಲಿ ಕಪಾಟಿನ ಹಿಂದೆ ಸೇರಿತ್ತು. ನನಗೆ ಇಬ್ಬರ ಬಗ್ಗೆಯೂ ಸಮಾಧಾನವಾಯಿತು.

ಆ ರಾತ್ರಿ ಮಲಗುವ ಮೊದಲು ಇನ್ನೊಂದು ಸುತ್ತು ಕೋಲಿನ ಆಟ ಆಡಿಸಿದೆ. ಬೆಕ್ಕಿನ ಮೈ ಚುರುಕಾಗುವುದು ಮುಸ್ಸಂಜೆಗೆ ಮತ್ತು ಮುಂಜಾವಿಗೆ. ಸಂಜೆಯ ಆ ದೆವ್ವ ಹಿಡಿದಂಥ ಓಟಕ್ಕೆ ಕಾರಣ ಹುಡುಕುತ್ತಿದ್ದ ನನಗೆ ಗಡಿಯಾರ ನೋಡಬೇಕೆಂದು ಹೊಳೆದಿರಲಿಲ್ಲ. ಹಗಲೆಲ್ಲ ಮಲಗಿ ಕೂಡಿಟ್ಟ ಕಸುವು ಎಲ್ಲಿಗೆ ಹೋಗಬೇಕು? ಆಟದ ಕೊನೆಯಲ್ಲಿ ಎಳೆತವನ್ನು ನಿಧಾನ ಮಾಡುತ್ತಾ ಬಂದೆ, ಸುಸ್ತಾದ ಇಲಿಯಂತೆ. ಹಿಡಿಯಲು ಬಿಟ್ಟೆ. ಹಿಡಿದು, ಒದ್ದು, ಕಚ್ಚಿ ಮುಗಿಸಿದ ಮೇಲೆ ರಾತ್ರಿಯ ಊಟವನ್ನು ತಟ್ಟೆಗೆ ಹಾಕಿದೆ. ಹೊಂಚು, ಓಟ, ಹಿಡಿತ, ಊಟ, ಆಮೇಲೆ ಮೈ ನೆಕ್ಕಿಕೊಳ್ಳುವುದು, ನಿದ್ದೆ. ನಾನು ಎರಡು ವರ್ಷ ಅವಳನ್ನು ಓಟದಲ್ಲೇ ನಿಲ್ಲಿಸಿಬಿಟ್ಟಿದ್ದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊರಗೆ ಬೇಟೆಯಾಡುವ ಸಾಕುಬೆಕ್ಕುಗಳನ್ನು ದಿನಕ್ಕೆ ಐದರಿಂದ ಹತ್ತು ನಿಮಿಷ ಹೀಗೆ ಆಡಿಸಿದಾಗ ಅವು ಮನೆಗೆ ಹೊತ್ತು ತರುವ ಬೇಟೆ ಶೇಕಡಾ 25ರಷ್ಟು ತಗ್ಗಿತ್ತು. ಐದೇ ನಿಮಿಷ. ಅದನ್ನು ಕೊಡಲು ನನಗೆ ಏನು ಕಷ್ಟವಿತ್ತು?

ಇನ್ನು ಆ ಕಾಲುಚೀಲ. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆಯನ್ನು, ಆಮೇಲೆ ಜೀವವಿರುವುದನ್ನು ತಂದು ಮುಂದಿಡುತ್ತದೆ. ತರುವಾಗ ಕೂಗಿ ಕರೆಯುತ್ತದೆ. ಚುಕ್ಕಿ ಮರಿ ಹಾಕಿದವಳಲ್ಲ, ಇನ್ನು ಹಾಕುವವಳೂ ಅಲ್ಲ. ಆದರೂ ಬಾಯಲ್ಲಿ ಹೊತ್ತು ತರುವುದು, ಕೂಗುವುದು, ಮುಂದಿಟ್ಟು ಮುಖ ನೋಡುವುದು ಎಲ್ಲವೂ ಅವಳೊಳಗೆ ಹಾಗೆಯೇ ಇದೆ ಎಂದು ನನಗನಿಸುತ್ತದೆ. ನಾನು ತೆಗೆದುಕೊಳ್ಳದಿದ್ದರೆ, ತಾನು ದಿನಾ ತಿಂದು ಕುಡಿಯುವ ಮೂಲೆಗೆ ಒಯ್ದು ಇಡುತ್ತಾಳೆ. ಬೇಟೆಯನ್ನು ಜೋಪಾನವಾಗಿಡಲು ಅವಳಿಗೆ ಈ ಮನೆಯಲ್ಲಿ ಬೇರೆ ಯಾವ ಜಾಗವಿದೆ?

ಈಗ ಕೂಗು ವಾರಕ್ಕೊಮ್ಮೆ, ಕೆಲವು ವಾರ ಅದೂ ಇಲ್ಲ. ಕೇಳಿದ ದಿನ ದೀಪ ಹಾಕದೆ ಎದ್ದು ಹೋಗುತ್ತೇನೆ. ಕತ್ತಲಲ್ಲಿ ಪಾದದ ಮೇಲೆ ಮೆತ್ತಗಿನದೊಂದು ಬೀಳುತ್ತದೆ. "ತಂದ್ಯಾ, ಬಂಗಾರ?" ಎಂದು ತಲೆ ಸವರಿ ಅಲ್ಲೇ ಸ್ವಲ್ಪ ಹೊತ್ತು ಕೂರುತ್ತೇನೆ.

ಮೊನ್ನೆ ಬೆಳಿಗ್ಗೆ ಎದ್ದಾಗ ಅಮ್ಮ ಅಡುಗೆಮನೆಯಲ್ಲಿ ಬಗ್ಗಿ ನಿಂತಿದ್ದರು. ನೀರಿನ ಬಟ್ಟಲಿನಿಂದ ಕಾಲುಚೀಲ ತೆಗೆದು ಹಿಂಡಿದರು, ಕಿಟಕಿಯ ಸರಳಿಗೆ ಹರವಿದರು, ಬಟ್ಟಲಿಗೆ ಹೊಸ ನೀರು ತುಂಬಿದರು. ಹರಿದುಹೋಗಿದೆ, ಬೇರೆ ಒಂದು ಕೊಡ್ತೀನಿ ಬಿಡಮ್ಮ, ಅಂದೆ.

"ಬೇಡ, ಅವಳದ್ದು ಅದು" ಎಂದರು.