ಅಗಸ್ತ್ಯತೀರ್ಥದ ನೀರಿನಲ್ಲಿ ಗುಡಿ ಮೂಡದ ಸಂಜೆ

ಬಾದಾಮಿಯಲ್ಲಿ ಸ್ಟುಡಿಯೋ ನಡೆಸುವ ನನಗೆ ಮದುವೆ, ಸೀಮಂತಗಳ ನಡುವೆ ಗುಡಿ-ಗುಹೆಗಳ ಚಿತ್ರ ತೆಗೆಯುವ ಕೆಲಸವೂ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ವಸತಿಗೃಹದವರು ಕ್ಯಾಲೆಂಡರಿಗಾಗಿ ಅಗಸ್ತ್ಯತೀರ್ಥ ಹೊಂಡದ ದಡದ ಭೂತನಾಥ ಗುಡಿಯ ಚಿತ್ರ ಕೇಳಿದ್ದರು. ಆಗಷ್ಟೇ ಕೊಂಡಿದ್ದ, ಹೊಳಪನ್ನು ತಗ್ಗಿಸುವ ಗಾಜಾದ ಪೋಲರೈಸರ್ ಫಿಲ್ಟರನ್ನು ಲೆನ್ಸಿಗೆ ಕೂಡಿಸಿಕೊಂಡು, ಸಂಜೆಯ ಬಿಸಿಲು ಕೆಂಪು ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಹೊಂಡದ ಪಾವಟಿಗೆಗಳ ಮೇಲೆ ನಿಂತೆ. ಫಿಲ್ಟರಿನ ಉಂಗುರ ತಿರುಗಿಸಿದಂತೆ ನೀರಿನ ಹೊಳಪು ಇಳಿಯುತ್ತಿತ್ತು. ಅದು ಪೂರ್ತಿ ಇಳಿದಲ್ಲಿಗೆ ಉಂಗುರ ನಿಲ್ಲಿಸಿ ಮೂವತ್ತರಷ್ಟು ಚಿತ್ರ ತೆಗೆದೆ. ಜೊತೆಗಿದ್ದ ಹುಡುಗ ಕ್ಯಾಮೆರಾದ ಪರದೆ ನೋಡಿ, "ಅಣ್ಣಾ, ನೀರಾಗ ಗುಡಿನ ಕಾಣವಲ್ದಲ್ಲ" ಎಂದ. ನೀರಿನಲ್ಲಿ ಮೂಡುವ ಗುಡಿಯೂ ನೀರಿನ ಮೇಲಿನ ಹೊಳಪೇ ಎಂಬುದು ನನಗೆ ಆಗಲೇ ಹೊಳೆದದ್ದು. ಕಾಲಬುಡದ ನೀರಿನಲ್ಲಿ ಪಾಚಿ ಸ್ಪಷ್ಟವಾಗಿತ್ತು, ಪ್ರತಿಬಿಂಬ ಮಾತ್ರ ಮಸುಕಾಗಿತ್ತು. ಫಿಲ್ಟರ್ ಬಿಚ್ಚುವಷ್ಟರಲ್ಲಿ ಬಿಸಿಲು ಹೋಗಿತ್ತು.

ಅದೇ ಚಿತ್ರಗಳಲ್ಲಿ ಆಕಾಶವೂ ಗಾಢವಾಗಿರಲಿಲ್ಲ. ಪೋಲರೈಸರ್ ಆಕಾಶವನ್ನು ಹೆಚ್ಚು ಗಾಢವಾಗಿಸುವುದು ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿರುವ ದಿಕ್ಕಿನಲ್ಲಿ. ಸೂರ್ಯ ನಮ್ಮ ಬೆನ್ನ ಹಿಂದಿದ್ದಾಗ ಎಷ್ಟು ತಿರುಗಿಸಿದರೂ ಫಲ ಅತ್ಯಲ್ಪ. ಈಗ ಪಟ್ಟದಕಲ್ಲಿಗೆ ಹೋದಾಗ ಬಿಸಿಲು ಬದಿಯಿಂದ ಬೀಳುವ ಹೊತ್ತನ್ನು ನೋಡಿ ಅದನ್ನು ಹಾಕುತ್ತೇನೆ. ಅಗಲ ನೋಟದ ಲೆನ್ಸಿನಲ್ಲಿ ಮಾತ್ರ ಹಾಕುವುದಿಲ್ಲ, ಏಕೆಂದರೆ ಆಕಾಶದ ಒಂದು ಭಾಗವಷ್ಟೇ ಕಪ್ಪಾಗಿ ಕಲೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಈ ಗಾಜು ನಿಜವಾಗಿ ದುಡಿಯುವುದು ಮಳೆ ನಿಂತ ಮೇಲೆ: ತೊಯ್ದ ಮರಳುಗಲ್ಲಿನ ಬಿಳಿ ಹೊಳಪು ತೆಗೆದೊಡನೆ ಒಳಗಿನ ಕೆಂಪು ಬಣ್ಣ ಎದ್ದುಬರುತ್ತದೆ. ಅದನ್ನು ತಿದ್ದುವ ಸಾಫ್ಟ್‌ವೇರಿನಲ್ಲಿ ಆಮೇಲೆ ತರಲಾಗದು.

ಆದರೆ ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು). ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯೊಳಗೆ ಅದನ್ನು ಬಿಚ್ಚದೆ ಹೋದರೆ 1/60 ಸೆಕೆಂಡು ತೆರೆದರೆ ಸಾಕಾಗುವ ಶಟರ್ 1/15 ಸೆಕೆಂಡಿನವರೆಗೂ ತೆರೆದಿರಬೇಕಾಗುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಿ ವಿಷ್ಣುವಿನ ಮುಖವೇ ಮಸುಕಾಗುತ್ತದೆ.

ಲೆನ್ಸಿನ ರಕ್ಷಣೆಗೆ ಹಾಕುವ ಸಾದಾ ಗಾಜಿನ, ಅಂದರೆ ಯುವಿ ಫಿಲ್ಟರಿನ ಮಾತು ಬೇರೆ. ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರಿನ ಮುಂದೆ ಅತಿನೇರಳೆ ಕಿರಣ ತಡೆಯುವ ಗಾಜು ಮೊದಲೇ ಇರುವುದರಿಂದ ಯುವಿ ಫಿಲ್ಟರ್ ಹಾಕಿದರೆ ಚಿತ್ರ ಸುಧಾರಿಸುತ್ತದೆಂಬುದು ಹಳೆಯ ಫಿಲ್ಮ್ ಕಾಲದ ನಂಬಿಕೆ. ಧೂಳಿಗಾಗಿ ನಾನು ಅದನ್ನು ಹಾಕುತ್ತೇನೆ. ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯುವಾಗ ಏಳುವ ಮಣ್ಣು ಲೆನ್ಸಿನ ಮೇಲೆ ಕುಳಿತಾಗ ಅದನ್ನು ಒರೆಸುವ ಬಟ್ಟೆಯೇ ಗೀರು ಹಾಕುತ್ತದೆ, ಆ ಗೀರು ಗಾಜಿನ ಮೇಲಿದ್ದರೆ ಗಾಜನ್ನಷ್ಟೇ ಬದಲಿಸಿದರಾಯಿತು. ಪೆಟ್ಟು ತಡೆಯಲು ಲೆನ್ಸಿನ ಮುಂದೆ ಕೂಡಿಸುವ ಕೊಳವೆಯಂಥ ಹುಡ್ಡೇ ಮೇಲು, ತೆಳು ಗಾಜು ಒಡೆದು ಅದರ ಚೂರೇ ಲೆನ್ಸನ್ನು ಕೆರೆಯಬಹುದು.

ಕತ್ತಲಾದ ಮೇಲೆ ಜಾತ್ರೆಯ ದೀಪಗಳು ಹತ್ತಿದಾಗ ಈ ಗಾಜನ್ನೂ ಬಿಚ್ಚುತ್ತೇನೆ. ಸೆನ್ಸರಿಗೆ ಬಡಿದ ಬೆಳಕು ಹಿಂದಿರುಗಿ, ಸಪಾಟಾದ ಗಾಜಿಗೆ ತಾಗಿ ಮತ್ತೆ ಒಳಗೆ ಬಂದು, ಚೌಕಟ್ಟಿನ ಎದುರು ಮೂಲೆಯಲ್ಲಿ ಪ್ರತಿ ದೀಪಕ್ಕೂ ತಲೆಕೆಳಗಾದ ಹಸಿರು ಚುಕ್ಕೆ ಮೂಡಿಸುತ್ತದೆ. ಒಮ್ಮೆ ಅಂಥ ಹನ್ನೆರಡು ಚುಕ್ಕೆಗಳನ್ನು ತೇರಿನ ಕಳಸದ ಮೇಲಿಂದ ಒಂದೊಂದಾಗಿ ಅಳಿಸುತ್ತ ಬೆಳಗು ಮಾಡಿದ್ದೇನೆ.