ಭೋಟೆಕೋಸಿ ದಡದವರಿಗೆ ಮೊದಲೇ ತಿಳಿಯಬೇಕು

ಕೆಲಸದ ಮೇಲೆ ಕಠ್ಮಂಡುವಿನಲ್ಲಿರುವ ನನಗೆ 2025ರ ಜುಲೈ 8 ಮರೆಯುವಂಥದ್ದಲ್ಲ. ಅಂದು ನಸುಕಿನಲ್ಲಿ ಗಡಿಯ ರಸುವಾಗಢಿಯಲ್ಲಿ, ಟಿಬೆಟ್‌ನಿಂದ ನೇಪಾಳಕ್ಕೆ ಹರಿದು ಬರುವ ಭೋಟೆಕೋಸಿ ನದಿ ಉಕ್ಕಿ, ನೇಪಾಳ–ಚೀನಾ ನಡುವಿನ ಮಿತೇರಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ನೇಪಾಳದ ಕಡೆ ಅಂಥ ಮಳೆಯೇನೂ ಇರಲಿಲ್ಲ. ಟಿಬೆಟ್‌ನಲ್ಲಿ ಹಿಮನದಿಯ ಮೇಲೆ ಕಟ್ಟಿಕೊಂಡಿದ್ದ ಕೆರೆಯೊಂದು ಬರಿದಾಗಿದ್ದು ಆಮೇಲೆ ಉಪಗ್ರಹ ಚಿತ್ರಗಳಲ್ಲಿ ಕಂಡಿತು.

ಅದೇ ಹೊಳೆಯ ಕೆಳಗಿನ ಊರು ಸ್ಯಾಬ್ರುಬೇಸಿಯಲ್ಲಿ ನಾನು ಉಳಿದುಕೊಳ್ಳುವ ಲಾಡ್ಜಿನ ದೀದಿ ಈಗ ಪೌರತ್ವದ ಕಾಗದ, ಒಂದಿಷ್ಟು ದುಡ್ಡು, ಟಾರ್ಚು ಎಲ್ಲ ಒಂದೇ ಚೀಲಕ್ಕೆ ತುಂಬಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. "ಹೊಳೆ ಸದ್ದು ಬದಲಾದ್ರೆ ಗುಡ್ಡ ಹತ್ತೋದು. ಇನ್ನೇನು ಮಾಡ್ಲಿ, ಭಾಯ್?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಭಾರತ, ಚೀನಾ, ಪಾಕಿಸ್ತಾನ ಸೇರಿ ಎಂಟು ದೇಶಗಳು ಸದಸ್ಯರಾಗಿರುವ ಪರ್ವತ ಸಂಶೋಧನಾ ಕೇಂದ್ರ ಇಸಿಮೋಡ್ 1983ರಿಂದ ಕಠ್ಮಂಡು ಕಣಿವೆಯಲ್ಲೇ ಇದೆ. ತಾಪಮಾನ ಏರಿಕೆ 1.5 ಡಿಗ್ರಿಗೆ ನಿಂತರೂ ಈ ಶತಮಾನದೊಳಗೆ ಹಿಂದೂಕುಷ್ ಹಿಮಾಲಯದ ಹಿಮನದಿಗಳಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ ಎಂದು ಅದರ 2019ರ ವರದಿ ಹೇಳಿತ್ತು. ವಿಜ್ಞಾನಕ್ಕೆ ಕೊರತೆಯಿಲ್ಲ. ಮೇಲಿನ ದೇಶ ಕೆಳಗಿನ ದೇಶಕ್ಕೆ ಆ ಗಳಿಗೆಯಲ್ಲೇ ಸುದ್ದಿ ಮುಟ್ಟಿಸುವ ಏರ್ಪಾಡು ಬೇಕು.

ಆಗದ ಮಾತೇನಲ್ಲ ಇದು. ನೇಪಾಳದಿಂದ ಬಿಹಾರಕ್ಕೆ ಹರಿಯುವ ರಾತು ನದಿಯಲ್ಲಿ ನೀರೇರಿದರೆ ಮೇಲಿನ ಊರಿನವರು ಗಡಿಯಾಚೆಯ ಊರಿಗೆ ನೇರ ಫೋನ್ ಮಾಡುತ್ತಾರೆ. ಜನ, ದನ ಎತ್ತರದ ಜಾಗಕ್ಕೆ ಹೋಗಲು ಸಮಯ ಸಿಗುತ್ತದೆ. ಹಿಮದ ಕೆರೆಗಳಿಗೆ ಇದರ ಜತೆ ಸೆನ್ಸರ್, ಉಪಗ್ರಹದ ಕಣ್ಗಾವಲೂ ಬೇಕು. ಬೀಜಿಂಗ್, ಕಠ್ಮಂಡು, ದೆಹಲಿ ಬರುವ ಮಳೆಗಾಲದೊಳಗೆ ಇಷ್ಟಕ್ಕಾದರೂ ಒಪ್ಪಲಿ.