ಫ್ಲಾಸ್ಕಿನಲ್ಲಿ ಈಗ ಏನೇನಿದೆ?

ಮೊದಲ ವರ್ಷದ ಕೆಮಿಸ್ಟ್ರಿಯ ಸುದ್ದಿ ಕ್ಲಾಸು ಶುರುವಾಗುವ ಮೊದಲೇ ನಮ್ಮ ಕಿವಿಗೆ ಬಿದ್ದಿತ್ತು. "ಆ ಮೇಡಂ ಕ್ಲಾಸಾ? ಮಾರ್ಕ್ಸ್ ಆಸೆ ಬಿಟ್ಟುಬಿಡಿ" ಎಂದ ಸೀನಿಯರ್‌ಗಳಿದ್ದರು. "ಬೇರೆ ಸೆಕ್ಷನ್ ಸಿಕ್ಕಿದರೆ ಹಿಂದೆಮುಂದೆ ನೋಡದೆ ಹೋಗಿಬಿಡಿ" ಎಂದವರೂ ಇದ್ದರು. ಅದೇ ವಿಷಯದಲ್ಲಿ ಮುಂದೆ ಓದುತ್ತಿದ್ದ ಒಬ್ಬರು ಮಾತ್ರ, "ಅವರ ಹತ್ತಿರ ಕಲಿತರೆ ಮುಂದಿನ ವರ್ಷಗಳು ಹಗುರ, ಈ ವರ್ಷವನ್ನು ಹೇಗಾದರೂ ದಾಟಿ" ಎಂದಿದ್ದರು. ಮೂರು ಮಾತೂ ನಿಜವೆಂದು ವರ್ಷ ಮುಗಿಯುವ ಹೊತ್ತಿಗೆ ನಮಗೆ ಗೊತ್ತಾಗಿತ್ತು.

ಸಿಲೆಬಸ್‌ನಲ್ಲಿ ಹೆದರುವಂಥದ್ದೇನೂ ಕಾಣುತ್ತಿರಲಿಲ್ಲ. ಮೋಲ್, ಅನಿಲ ನಿಯಮಗಳು, ಪರಮಾಣು ರಚನೆ, ಉಷ್ಣರಸಾಯನ, ಸಮತೋಲನ, ಆಮ್ಲ ಮತ್ತು ಪ್ರತ್ಯಾಮ್ಲ. ಅರ್ಧಕ್ಕಿಂತ ಹೆಚ್ಚು ಹಿಂದೆಯೇ ಓದಿದ್ದು. ತೊಂದರೆ ಹುಟ್ಟಿದ್ದೇ ಅಲ್ಲಿ. ಹೆಸರುಗಳು ಪರಿಚಿತವಾಗಿದ್ದವು, ಕೇಳುವ ಪ್ರಶ್ನೆಗಳು ಅಪರಿಚಿತವಾಗಿದ್ದವು. ಅಲ್ಲಿಯವರೆಗೆ ನಾವು ಕೆಮಿಸ್ಟ್ರಿ ಲೆಕ್ಕ ಮಾಡುತ್ತಿದ್ದ ರೀತಿ ಒಂದೇ: ಕೊಟ್ಟಿರುವ ಅಂಕಿಗಳನ್ನು ನೋಡು, ಅವಕ್ಕೆ ಹೊಂದುವ ಸೂತ್ರ ನೆನಪಿಸಿಕೋ, ತುಂಬು, ಉತ್ತರ ಬರೆ. ಮೇಡಂ ಮೊದಲ ವಾರದಲ್ಲೇ ಅದಕ್ಕೆ ತಡೆ ಹಾಕಿದರು. ಬೋರ್ಡಿನ ಮೇಲೆ ಲೆಕ್ಕ ಬರೆದು, ಚಾಕ್ ಕೆಳಗಿಟ್ಟು, "ಫ್ಲಾಸ್ಕಿನಲ್ಲಿ ಈಗ ಏನೇನಿದೆ?" ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಬರುವ ತನಕ ಯಾರೂ ಕ್ಯಾಲ್ಕುಲೇಟರ್ ಮುಟ್ಟುವಂತಿರಲಿಲ್ಲ.

ಅಮೋನಿಯಾದ ಲೆಕ್ಕವನ್ನೇ ತೆಗೆದುಕೊಳ್ಳಿ. 28 ಗ್ರಾಂ ನೈಟ್ರೋಜನ್, 10 ಗ್ರಾಂ ಹೈಡ್ರೋಜನ್. ಎರಡೂ ಸೇರಿ ಅಮೋನಿಯಾ ಆಗುತ್ತದೆ, ಪೂರ್ತಿಯಾಗಿ ಆಗುತ್ತದೆ ಎಂದೇ ಇಟ್ಟುಕೊಳ್ಳೋಣ. ಮೊದಲು ಮುಗಿಯುವುದು ಯಾವುದು? ಕ್ಲಾಸಿನ ಮುಕ್ಕಾಲು ಪಾಲು ಒಟ್ಟಿಗೆ "ಹೈಡ್ರೋಜನ್" ಎಂದಿತು. 10 ಗ್ರಾಂ ತಾನೇ ಕಡಿಮೆ? ಮೇಡಂ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. "ಗ್ರಾಂ ಬಿಡಿ, ಅಣು ಎಣಿಸಿ" ಎಂದರು. ಮೋಲ್ ಎಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ; ವಸ್ತು ಯಾವುದೇ ಇರಲಿ, ಒಂದು ಮೋಲ್‌ನಲ್ಲಿ ಅಷ್ಟೇ ಸಂಖ್ಯೆಯ ಅಣುಗಳು. 28 ಗ್ರಾಂ ನೈಟ್ರೋಜನ್ ಎಂದರೆ 1 ಮೋಲ್. 10 ಗ್ರಾಂ ಹೈಡ್ರೋಜನ್ ಎಂದರೆ 5 ಮೋಲ್. ಒಂದು ನೈಟ್ರೋಜನ್ ಅಣುವಿಗೆ ಬೇಕಾದದ್ದು ಮೂರು ಹೈಡ್ರೋಜನ್ ಅಣು. ಹಾಗಾದರೆ ಹೈಡ್ರೋಜನ್ 2 ಮೋಲ್, ಅಂದರೆ 4 ಗ್ರಾಂ, ಉಳಿದೇ ಬಿಡುತ್ತದೆ. ತೂಕದಲ್ಲಿ ಹೆಚ್ಚಿದ್ದ ನೈಟ್ರೋಜನ್ನೇ ಮೊದಲು ಖಾಲಿಯಾಗುತ್ತದೆ. ಕೊನೆಗೆ ಪಾತ್ರೆಯಲ್ಲಿರುವುದು 34 ಗ್ರಾಂ ಅಮೋನಿಯಾ, 4 ಗ್ರಾಂ ಹೈಡ್ರೋಜನ್. ಕೂಡಿದರೆ ಮೊದಲು ಹಾಕಿದ 38 ಗ್ರಾಂ. ಆ ಕೂಡಿಕೆಯನ್ನು ಅವರು ಪ್ರತಿ ಸಲವೂ ಮಾಡಿಸುತ್ತಿದ್ದರು. ಹೀಗೆ ಮೊದಲು ಖಾಲಿಯಾಗುವ ವಸ್ತುವಿಗೆ ಹೇಳುವ ಲಿಮಿಟಿಂಗ್ ರಿಯೇಜೆಂಟ್ ಎಂಬ ಮಾತನ್ನು ನಾವೆಲ್ಲ ಉರು ಹೊಡೆದಿದ್ದೆವು. ಅದು ಪಾತ್ರೆಯೊಳಗೆ ನಡೆಯುವ ಸಂಗತಿ ಎಂದು ಕಂಡದ್ದು ಆ ದಿನ.

ಕ್ಲಾಸು ಎರಡು ಪಾಲಾದದ್ದೂ ಅಲ್ಲಿಂದಲೇ. ಕೆಲವರಿಗೆ ಅದು ಹಿಡಿಸಿತು. ಇನ್ನು ಕೆಲವರಿಗೆ, ಅದರಲ್ಲೂ ಸ್ಕೂಲಿನಲ್ಲಿ ತುಂಬಾ ಒಳ್ಳೆಯ ಮಾರ್ಕ್ಸ್ ತೆಗೆದು ಬಂದವರಿಗೆ, ಸಿಟ್ಟು ಬಂತು. ಅವರ ದೂರು ಸಣ್ಣದಾಗಿರಲಿಲ್ಲ. "ಇಷ್ಟು ವರ್ಷ ಯಾವ ರೀತಿ ಓದಿದ್ದಕ್ಕೆ ಎಲ್ಲರೂ ಬೆನ್ನು ತಟ್ಟಿದರೋ ಅದನ್ನೇ ಇಲ್ಲಿ ಬಿಡು ಅಂತಾರೆ" ಎಂದು ನನ್ನ ಬೆಂಚಿನವನೊಬ್ಬ ಹೇಳಿದ್ದ. ಅವನು ಸೋಮಾರಿಯಲ್ಲ, ನಮ್ಮೆಲ್ಲರಿಗಿಂತ ಹೆಚ್ಚು ಓದುತ್ತಿದ್ದವನು. ಕಷ್ಟದ ಕೋರ್ಸುಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಅವನು ನೆನಪಾಗುತ್ತಾನೆ. ದೂರುವವರೆಲ್ಲ ಓದದವರು ಎಂದುಕೊಳ್ಳುವುದು ಸುಲಭ, ಆದರೆ ಅದು ಸುಳ್ಳು.

ಮೋಲ್ ಪಾಠ ಅರ್ಥವಾಗದೆ ಅರ್ಧ ಕ್ಲಾಸು ಮುಖ ಬಾಡಿಸಿ ಕೂತಿದ್ದಾಗ ಮೇಡಂ ಹೇಳಿದ ಚರಿತ್ರೆಯನ್ನು ಇಲ್ಲಿ ಬರೆಯಲೇಬೇಕು. ಡಾಲ್ಟನ್ ನೀರಿನ ಅಣುವಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂದು ಭಾವಿಸಿದ್ದ. ಹಾಗೆ ಹಿಡಿದರೆ, ಹೈಡ್ರೋಜನ್ ಪರಮಾಣುವಿನ ತೂಕ 1 ಎಂದುಕೊಂಡಾಗ, ಆಕ್ಸಿಜನ್ನಿನ ತೂಕ 16ರ ಬದಲು 8ರ ಹತ್ತಿರ ಬರುತ್ತದೆ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು 1811ರಲ್ಲೇ ಇಟಲಿಯ ವಿಜ್ಞಾನಿ ಅವೊಗಾಡ್ರೊ ಬರೆದ. ಹೆಚ್ಚಿನವರು ಅದನ್ನು ಲಕ್ಷಿಸಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸಭೆ ಸೇರಿದಾಗಲೂ ಪರಮಾಣು ತೂಕಗಳ ಬಗ್ಗೆ ಒಮ್ಮತವಿರಲಿಲ್ಲ. ಇಟಲಿಯ ರಸಾಯನಶಾಸ್ತ್ರಜ್ಞ ಕಾನಿಜ್ಜಾರೊ ಅಲ್ಲಿ ಅವೊಗಾಡ್ರೊನ ವಿಚಾರವನ್ನು ಎತ್ತಿ ಹಿಡಿದ. ಕಾನಿಜ್ಜಾರೊನ ಕಿರುಹೊತ್ತಗೆಯೊಂದನ್ನು ಸಭೆಗೆ ಬಂದವರಿಗೆ ಹಂಚಲಾಯಿತು. ಆ ಸಭೆಗೆ ಯುವಕ ಮೆಂಡಲೀವ್ ಕೂಡ ಬಂದಿದ್ದ; 1869ರಲ್ಲಿ ಅವನು ಆವರ್ತ ಕೋಷ್ಟಕ ಪ್ರಕಟಿಸಿದ. ಅವೊಗಾಡ್ರೊ ಮಾತ್ರ ಇದ್ಯಾವುದನ್ನೂ ನೋಡಲಿಲ್ಲ, 1856ರಲ್ಲೇ ತೀರಿಕೊಂಡಿದ್ದ. ಇಷ್ಟನ್ನು ಹೇಳಿ ಮೇಡಂ, "ಅಷ್ಟು ದೊಡ್ಡವರಿಗೆ ಐವತ್ತು ವರ್ಷ ಹಿಡಿದದ್ದು ನಿಮಗೆ ಎರಡು ಕ್ಲಾಸಿನಲ್ಲಿ ಅರ್ಥವಾಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ನಾಳೆ ಮತ್ತೆ ಮಾಡೋಣ" ಎಂದರು. ಅವರನ್ನು ಕಠಿಣ ಎಂದು ಕರೆಯುತ್ತಿದ್ದವರೂ ಆ ಮಾತನ್ನು ಮರೆತಿಲ್ಲ.

ದೊಡ್ಡ ಗಲಾಟೆಯಾದದ್ದು ಒಂದು ಇಂಟರ್ನಲ್ಸ್‌ನಲ್ಲಿ. ಪ್ರಶ್ನೆ ಒಂದೇ ಸಾಲು: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಮೋಲಾರ್ ಎಂದರೆ ಲೀಟರಿಗೆ ಇಷ್ಟು ಮೋಲ್; ಪಿಎಚ್ ಎಂದರೆ ಆಮ್ಲತೆಯ ಅಳತೆ, ಶುದ್ಧ ನೀರಿಗೆ 7, ಆಮ್ಲಕ್ಕೆ ಅದಕ್ಕಿಂತ ಕಡಿಮೆ, ಪ್ರತ್ಯಾಮ್ಲಕ್ಕೆ ಹೆಚ್ಚು. ಸೂತ್ರ ಎಲ್ಲರಿಗೂ ಗೊತ್ತಿತ್ತು. ತುಂಬಿದರೆ ಉತ್ತರ 8. ಅರ್ಧ ನಿಮಿಷದ ಕೆಲಸ. ಪೇಪರ್ ವಾಪಸ್ ಬಂದಾಗ ಹೆಚ್ಚಿನವರ 8ರ ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ಅದೇ ಪ್ರಶ್ನೆ: ಫ್ಲಾಸ್ಕಿನಲ್ಲಿ ಏನೇನಿದೆ?

ಕ್ಲಾಸಿನಲ್ಲಿ ಜೋರಾಗಿಯೇ ವಾದವಾಯಿತು. ಇದು ಮೋಸದ ಪ್ರಶ್ನೆ, ಇಂಥದ್ದನ್ನು ನೀವು ಮಾಡಿಸಿಯೇ ಇಲ್ಲ ಎಂದರು ಕೆಲವರು. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಪಿಎಚ್ 8 ಅಂದರೆ ಪ್ರತ್ಯಾಮ್ಲ. ಶುದ್ಧ ನೀರಿಗೆ ಒಂದಿಷ್ಟು ಆಮ್ಲ ಹಾಕಿದರೆ ಅದು ಪ್ರತ್ಯಾಮ್ಲ ಆಗುತ್ತದೆಯೇ?" ಯಾರೂ ಮಾತಾಡಲಿಲ್ಲ. ಫ್ಲಾಸ್ಕಿನಲ್ಲಿ ನೀರೂ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನದ್ದೇ ಹೈಡ್ರೋಜನ್ ಅಯಾನುಗಳು 10⁻⁷ ಮೋಲಾರ್, ನಾವು ಹಾಕಿದ ಆಮ್ಲದ ಹತ್ತರಷ್ಟು. ಅದನ್ನು ಸೇರಿಸಿ, ಆಮ್ಲ ಬಂದದ್ದರಿಂದ ನೀರು ತುಸು ಕಡಿಮೆ ಅಯಾನೀಕರಣವಾಗುವುದನ್ನೂ ಲೆಕ್ಕಕ್ಕೆ ಹಿಡಿದು ವರ್ಗ ಸಮೀಕರಣ ಬಿಡಿಸಿದರೆ ಒಟ್ಟು ಸುಮಾರು 1.05 × 10⁻⁷. ಪಿಎಚ್ 6.98. ಏಳಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇರಬೇಕಾದದ್ದೂ ಹಾಗೆಯೇ.

ಇದು ಮೋಸದ ಪ್ರಶ್ನೆಯೇ? ಅಂದು ನಮ್ಮಲ್ಲಿ ಒಮ್ಮತವಿರಲಿಲ್ಲ, ಇಂದೂ ಇಲ್ಲ. ನನ್ನ ಮಟ್ಟಿಗೆ ಅದು ಆ ವರ್ಷದ ಅತ್ಯಂತ ಪ್ರಾಮಾಣಿಕ ಪ್ರಶ್ನೆ. ಅದಕ್ಕೆ ಬೇಕಾದದ್ದೆಲ್ಲ ನಮಗೆ ಗೊತ್ತಿತ್ತು, ನೀರಿನ ಅಯಾನು ಗುಣಲಬ್ಧ (ಅದರಲ್ಲಿನ ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾರತೆಗಳನ್ನು ಗುಣಿಸಿದ್ದು) 10⁻¹⁴ ಎಂಬುದೂ ಸೇರಿ. ಪಿಎಚ್ 8 ಎಂದು ಬರೆದು ಕೆಳಗೆ, "ಆಮ್ಲಕ್ಕೆ ಈ ಉತ್ತರ ಬರಬಾರದು, ಎಲ್ಲೋ ಏನೋ ಬಿಟ್ಟುಹೋಗಿದೆ" ಎಂದು ಸೇರಿಸಿದ್ದ ಒಬ್ಬಳಿಗೆ ಮೇಡಂ ಅರ್ಧಕ್ಕಿಂತ ಹೆಚ್ಚು ಮಾರ್ಕ್ಸ್ ಕೊಟ್ಟಿದ್ದರು. ಅದೂ ಚರ್ಚೆಯಾಯಿತು. ತಪ್ಪು ಉತ್ತರಕ್ಕೆ ಮಾರ್ಕ್ಸೇ ಎಂದು ಕೆಲವರು ಕೇಳಿದರು. ಉತ್ತರವನ್ನು ಅನುಮಾನಿಸುವುದು ಗೊತ್ತಿದ್ದವಳಿಗೆ ಕೊಟ್ಟಿದ್ದೇನೆ ಎಂದು ಮೇಡಂ ಹೇಳಿ, ಮುಂದಿನ ಪ್ರಶ್ನೆಗೆ ಹೋದರು.

ಲ್ಯಾಬಿನ ಮೇಡಂ ಬೇರೆಯೇ. ಅಲ್ಲಿ ದನಿ ಏರುತ್ತಿರಲಿಲ್ಲ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆಯ ಕೊಳವೆ, ಅಂದರೆ ಬ್ಯೂರೆಟ್ಟನ್ನು, ಅದರಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ವಾಟರ್‌ನಿಂದ. ಏಕೆ? ಫ್ಲಾಸ್ಕಿನ ಗೋಡೆಯಲ್ಲಿ ಉಳಿದ ನೀರು ಮೋಲ್‌ಗಳ ಸಂಖ್ಯೆ ಬದಲಿಸುವುದಿಲ್ಲ. ಬ್ಯೂರೆಟ್ಟಿನಲ್ಲಿ ಉಳಿದ ನೀರು ದ್ರಾವಣದ ಸಾರತೆಯನ್ನೇ ಇಳಿಸುತ್ತದೆ. ಪಿಪೆಟ್ಟಿನ ತುದಿಯಲ್ಲಿ ನಿಂತ ಕೊನೆಯ ಹನಿಯನ್ನು ಊದಬಾರದು, ಆ ಹನಿಯನ್ನು ಬಿಟ್ಟೇ ಅಳತೆ ಗುರುತಿಸಿರುತ್ತಾರೆ. ಕೊಳವೆಯಲ್ಲಿ ದ್ರಾವಣದ ಮೇಲ್ಮೈ ಬಾಗಿರುತ್ತದೆ; ಬಣ್ಣವಿಲ್ಲದ ದ್ರಾವಣವಾದರೆ ಕೆಳಗಿನ ಬಾಗು ಓದಬೇಕು, ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನಂಥ ಗಾಢ ಬಣ್ಣದ್ದಾದರೆ ಮೇಲಿನ ಅಂಚು. ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಸೂಚಕ ಫಿನಾಫ್ತಲೀನ್ ಹಾಕಿದ ಟೈಟ್ರೇಷನ್‌ನಲ್ಲಿ (ಆಮ್ಲಕ್ಕೆ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗದಲ್ಲಿ) ತಿಳಿಗುಲಾಬಿ ಬಂದು ನಿಂತಿತು ಎಂದು ಖುಷಿಪಟ್ಟು ರೀಡಿಂಗ್ ಬರೆದು ತಿರುಗಿ ನೋಡಿದರೆ ಬಣ್ಣ ಮಾಯ. ಮೇಡಂ ಪಕ್ಕಕ್ಕೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು. ಈ ಸಲ ಫ್ಲಾಸ್ಕಿನೊಳಕ್ಕೆ ಹೊಸದಾಗಿ ಬಂದದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್, ನೀರಿನಲ್ಲಿ ಕರಗಿದರೆ ಅದೂ ಆಮ್ಲವೇ. ಥಿಯರಿ ಕ್ಲಾಸಿನಲ್ಲಿ ಅವರನ್ನು ಸಹಿಸದಿದ್ದವರಲ್ಲಿ ಹಲವರು ಲ್ಯಾಬಿನಲ್ಲಿ ಅವರ ಬ್ಯಾಚೇ ಬೇಕು ಎನ್ನುತ್ತಿದ್ದರು.

ಇನ್ನು ನ್ಯಾಯವಾದ ದೂರುಗಳು. ಇವನ್ನು ಮುಚ್ಚಿಟ್ಟು ಬರೆದರೆ ಅದು ಹೊಗಳಿಕೆಯಾದೀತು, ನೆನಪಾಗಲಾರದು. ವೇಗ ಜಾಸ್ತಿಯಾಗಿತ್ತು. ಸಮತೋಲನದ ಅಧ್ಯಾಯ ಇನ್ನೂ ಜೀರ್ಣವಾಗದಿರುವಾಗಲೇ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ, ಅಂದರೆ ಬಫರ್‌ಗೆ ಹೋಗಿಬಿಟ್ಟಿದ್ದೆವು. ಪ್ರಶ್ನೆಪತ್ರಿಕೆ ಯಾವಾಗಲೂ ಉದ್ದ. ಯೋಚಿಸಿ ಬರೆಯಿರಿ ಎನ್ನುವ ಪತ್ರಿಕೆಗೆ ಯೋಚಿಸುವಷ್ಟು ಸಮಯ ಇರುತ್ತಿರಲಿಲ್ಲ. ಬೇರೆ ಮಾಧ್ಯಮದಲ್ಲಿ ಓದಿ ಬಂದವರ ಕಷ್ಟ ಇದಕ್ಕಿಂತ ಆಳವಾದದ್ದು. ಅವರಿಗೆ ಮೋಲ್ ಗೊತ್ತಿತ್ತು, ಪ್ರಶ್ನೆಯ ವಾಕ್ಯ ಬಿಡಿಸಿಕೊಳ್ಳುವುದರಲ್ಲೇ ಕಾಲು ಪಾಲು ಹೊತ್ತು ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಕೆಮಿಸ್ಟ್ರಿಯೇ ಅಲ್ಲ, ಗಣಿತ. ಘಾತಗಳು, ಲಾಗ್, ಯೂನಿಟ್ ಬದಲಾವಣೆ. ಅನಿಲ ಸ್ಥಿರಾಂಕ ಒಂದು ಲೆಕ್ಕದಲ್ಲಿ 0.0821, ಇನ್ನೊಂದರಲ್ಲಿ 8.314, ಒಂದು ಲೀಟರ್ ಮತ್ತು ಅಟ್ಮಾಸ್ಫಿಯರ್‌ನಲ್ಲಿ, ಇನ್ನೊಂದು ಜೌಲ್‌ನಲ್ಲಿ. ಇದು ಕೈಗೆ ಹತ್ತದವರು ರಸಾಯನ ಪೂರ್ತಿ ಅರ್ಥವಾಗಿದ್ದರೂ ಸೊನ್ನೆ ಪಡೆಯುತ್ತಿದ್ದರು. ಮೇಡಂ ಕ್ಲಾಸು ಮುಗಿದ ಮೇಲೆ ಡೌಟ್ ಕೇಳಲು ಒಂದು ತಾಸು ಕೂರುತ್ತಿದ್ದರು, ನಿಜ. ಆದರೆ ಡೌಟ್ ಕೇಳಲು ಬರುತ್ತಿದ್ದವರು ಅರ್ಧ ಅರ್ಥವಾದವರು. ಏನೂ ಅರ್ಥವಾಗದವರಿಗೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ, ಅವರು ಆ ಕೋಣೆಯ ಬಾಗಿಲಿಗೂ ಬರುತ್ತಿರಲಿಲ್ಲ. ಅವರಲ್ಲಿ ಕೆಲವರು ವಿಷಯವನ್ನೇ ಬದಲಿಸಿದರು. ಅದು ಈಗಲೂ ನನಗೆ ನೋವಿನ ಸಂಗತಿ.

ವರ್ಷದ ಕೊನೆಗೆ ಹೆಸರು ಬರೆಯದೆ ಅಭಿಪ್ರಾಯ ಬರೆಯುವ ಹಾಳೆ ಕೊಟ್ಟರು. ಮೇಡಂ ಮುಂದಿನ ಕ್ಲಾಸಿನಲ್ಲಿ ಅವುಗಳಲ್ಲಿ ಕೆಲವನ್ನು ತಾವೇ ಓದಿದರು, ಬೈದವನ್ನೂ ಬಿಡದೆ. "ಬೋರ್ಡಿನ ಅಕ್ಷರ ಕಾಣುವುದಿಲ್ಲ" ಎಂದಿತ್ತು ಒಂದರಲ್ಲಿ. ಅಂದಿನಿಂದಲೇ ದೊಡ್ಡದಾಗಿ ಬರೆದರು. "ಪೇಪರ್ ಉದ್ದ" ಎಂಬ ದೂರಿಗೆ ಮಾತ್ರ ಅವರು ಬಗ್ಗಲಿಲ್ಲ. ಅದು ಅವರು ತಿದ್ದಿಕೊಳ್ಳಬೇಕಿದ್ದ ವಿಷಯ ಎಂದೇ ನನಗನ್ನಿಸುತ್ತದೆ.

ವರ್ಷಗಳು ಕಳೆದಂತೆ ಅಭಿಪ್ರಾಯಗಳು ಜಾಗ ಬದಲಿಸಿವೆ. ಈಗ ಡಾಕ್ಟರ್ ಆಗಿರುವ ಗೆಳತಿ, ರಕ್ತದ ಪಿಎಚ್ 7.35ರಿಂದ 7.45ರ ನಡುವೆ ನಿಲ್ಲುವುದರಲ್ಲಿ ಬೈಕಾರ್ಬನೇಟ್ ಬಫರ್‌ನ ಪಾತ್ರವೇನೆಂದು ಮೆಡಿಕಲ್‌ನಲ್ಲಿ ಪಾಠ ನಡೆದಾಗ ತನಗೆ ಹೊಸದಾಗಿ ಕಲಿಯುವುದೇ ಇರಲಿಲ್ಲ ಎನ್ನುತ್ತಾಳೆ. ನೀರು ಶುದ್ಧೀಕರಣದ ಘಟಕದಲ್ಲಿರುವ ಒಬ್ಬ, ಮೀಟರ್ ತೋರಿಸುವ ಅಂಕಿಯನ್ನು ಬರೆದುಕೊಳ್ಳುವ ಮೊದಲು ಅದು ಬರಬಹುದಾದ ಅಂಕಿಯೇ ಎಂದು ನೋಡುವ ಅಭ್ಯಾಸ ಆ ಕೆಂಪು ಸುತ್ತಿನಿಂದ ಬಂತು ಎನ್ನುತ್ತಾನೆ. ನನ್ನ ಬೆಂಚಿನವನು ಮಾತ್ರ ಬದಲಾಗಿಲ್ಲ. ಮೇಡಂಗೆ ವಿಷಯ ಗೊತ್ತಿತ್ತು, ಕಲಿಸುವ ಪ್ರೀತಿಯೂ ಇತ್ತು, ಆದರೆ ಹಿಂದೆ ಬಿದ್ದವರನ್ನು ಕಾಯುವ ತಾಳ್ಮೆ ಸಾಲದಾಗಿತ್ತು ಎನ್ನುತ್ತಾನೆ. ಅವನ ಮಾತನ್ನು ನಾನು ತಳ್ಳಿಹಾಕಲಾರೆ.

ಮೇಡಂ ನಿವೃತ್ತರಾಗಿದ್ದಾರೆ. ನಾವು ಕಲಿತ ಮೋಲ್‌ನ ವ್ಯಾಖ್ಯೆಯೂ ಬದಲಾಗಿದೆ. ನಮಗೆ ಅದು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು; 2019ರ ಮೇ 20ರಿಂದ ನಿಖರವಾಗಿ 6.02214076 × 10²³ ಎಂದು ಸಂಖ್ಯೆಯನ್ನೇ ನಿಗದಿ ಮಾಡಿದ್ದಾರೆ. ಗ್ರಾಂ ಬಿಟ್ಟು ಎಣಿಕೆಗೆ ಬಂದ ಆ ಬದಲಾವಣೆ ಅವರಿಗೆ ತುಂಬಾ ಇಷ್ಟವಾಗಿರುತ್ತದೆ.

ಈಗ ಆ ಕೋರ್ಸ್ ಕಲಿಸುತ್ತಿರುವ ಅಧ್ಯಾಪಕರಲ್ಲಿ ಹಳೆಯ ವಿದ್ಯಾರ್ಥಿಯಾಗಿ ಒಂದು ಕೋರಿಕೆ ಇದೆ. ಮೊದಲ ಎರಡು ವಾರ ಘಾತ, ಲಾಗ್, ಯೂನಿಟ್‌ಗಳಿಗೆ ಮೀಸಲಿಡಿ, ಪ್ರಶ್ನೆಪತ್ರಿಕೆಯಲ್ಲಿ ಒಂದೆರಡು ಪ್ರಶ್ನೆ ಕಡಿಮೆ ಮಾಡಿ. ಡೌಟ್ ಕೇಳಲು ಬಾರದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರನ್ನು ಹೆಸರು ಹಿಡಿದು ಕರೆದು ಕೂರಿಸಿಕೊಳ್ಳಿ. ಪ್ರಶ್ನೆಗಳು ಆಮೇಲೆ ಎಷ್ಟು ಕಷ್ಟವಿದ್ದರೂ ಮಕ್ಕಳು ಮಾಡುತ್ತಾರೆ.